ಎದುರುಬದುರು ಕಿಟಕಿ

ಎರಡು ಕಿಟಕಿಗಳನ್ನು ಒಟ್ಟಿಗೇ ತೆರೆದಿಟ್ಟದ್ದೇ ಎಲ್ಲ ಫಜೀತಿಗೂ ಮೂಲ.

ಒಂದು ರಸ್ತೆಯ ಕಡೆಗೆ, ಇನ್ನೊಂದು ಹಿತ್ತಲ ಕಡೆಗೆ. ನಡುವೆ ಕುರ್ಚಿ ಹಾಕಿಕೊಂಡು, ನಾರ್ವೆಯಿಂದ ಬಂದ ಬಾಡಿಗೆ ಕೋಣೆಯ ಅತಿಥಿ ಇಂಗ್‌ವಿಲ್ಡ್ ಹಾಯಾಗಿ ಏನೋ ಬರೆಯುತ್ತಿದ್ದಳು. ಕಾಫಿ ತಂದ ಮನೆ ಯಜಮಾನ ಜೀವೊರಾದ್ ಹೊಸಿಲಲ್ಲೇ ಕಲ್ಲಾದ. ಪರದೆಗಳು ಮದುವೆ ಮನೆಯ ಹುಡುಗಿಯರ ಹಾಗೆ ಕುಣಿಯುತ್ತಿದ್ದವು.

ಸೆರ್ಬಿಯದ ಈ ಜೆಮುನ್ ಊರಿನವರು ಡಾನ್ಯೂಬ್ ನದಿ ಉಕ್ಕಿದರೂ ಹೆದರುವವರಲ್ಲ. ಆದರೆ ಒಂದು ಕಿಟಕಿಯಿಂದ ಬಂದು ಇನ್ನೊಂದರಿಂದ ಹೋಗುವ ಗಾಳಿ ಎಂದರೆ ಎದೆ ನಡುಗುತ್ತದೆ. ಕತ್ತು ಹಿಡಿಯುವುದು, ಬಾಯಿ ಸೊಟ್ಟಗಾಗುವುದು, ಹಲ್ಲುನೋವು, ಕಾಲುಸೆಳೆತ ಎಲ್ಲಾ ಆ ಗಾಳಿಯದೇ ಕಿತಾಪತಿ.

ಅದರಲ್ಲೂ ಇವತ್ತು! ಹೆಂಡತಿ ದೆಸಾಂಕಾ ಆಪರೇಷನ್ ಆದ ತಂಗಿಯನ್ನು ನೋಡಲು ಬೆಳಗಿನ ಬಸ್ಸಿಗೆ ನೋವಿ ಸಾದ್‌ಗೆ ಹೋಗಿದ್ದಳು. ಶನಿವಾರದಿಂದ ಮೂರು ದಿನ ಗೆಳೆಯರ ಜೊತೆ ದ್ವೀಪದ ಗುಡಿಸಲಿನಲ್ಲಿ ಮೀನು ಹಿಡಿಯಲು ಜೀವೊರಾದ್ ಅಪ್ಪಣೆ ಕೇಳಿದ್ದ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅವಳು ಹೇಳಿದ್ದು ಇಷ್ಟೇ: "ನಾನು ಬರೋ ಹೊತ್ತಿಗೆ ಆ ಹುಡುಗಿ ಒಂದು ಸೀನು ಸೀನಿದ್ರೂ, ಮೀನೂ ಇಲ್ಲ ಗೀನೂ ಇಲ್ಲ."

"ಬನ್ನಿ," ಎಂದಳು ಇಂಗ್‌ವಿಲ್ಡ್. ಒಂದು ವರ್ಷ ಓದಿ ಕಲಿತ ಭಾಷೆ, ನಿಧಾನವಾದರೂ ಸ್ಪಷ್ಟ. "ನಮ್ಮೂರಿನ ಪತ್ರಿಕೆಗೆ ಬರೀತಿದ್ದೀನಿ. ಸೆರ್ಬಿಯಕ್ಕೆ ಬರೋ ಪ್ರವಾಸಿಗರು ಯಾವುದ್ರ ಬಗ್ಗೆ ಹುಷಾರಾಗಿರ್ಬೇಕು? ಕಳ್ಳರು? ಟ್ಯಾಕ್ಸಿ?"

"ಕಳ್ಳರು ಹಾಳಾಗ್ಲಿ ಮಗಳೇ, ಮೊದ್ಲು ಕಿಟಕಿ ಮುಚ್ಚು!"

"ಯಾಕೆ? ಗಾಳಿ ಚೆನ್ನಾಗಿದೆ."

ಅವನು ಒಂದನ್ನು ಮುಚ್ಚಿದ. ಅವಳು ನಗುತ್ತಾ ತೆರೆದಳು. ಕಣಜ ಬರುತ್ತೆ ಅಂದ. ಕಣಜ ಅಂದ್ರೆ ಇಷ್ಟ ಅಂದಳು. ಬೇಲಿಯಾಚೆಯಿಂದ ಪಕ್ಕದ ಮನೆಯ ಮಿಲೆವಾ ಅಜ್ಜಿಯ ತಲೆ ಮೇಲೆದ್ದಿತು.

"ಜೀವೊರಾದ್, ಆ ಮಗೂನ ಕೊಲ್ತೀಯೇನೋ? ನಮ್ಮ ಸೋದರಮಾವ ಹೀಗೇ ಒಂದು ಗಾಳೀಲಿ ಕೂತಿದ್ದ. ಆಮೇಲೆ ಸಾಯೋತನಕ ಎಡಗಡೆಯಿಂದ ಮಾತ್ರ ನಗ್ತಿದ್ದ!"

ಸೋದರಮಾವನ ಕಥೆ ಮುಗಿಯುವಷ್ಟರಲ್ಲಿ ಇಂಗ್‌ವಿಲ್ಡ್ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ, ಕೈಯಲ್ಲೊಂದು ರೊಟ್ಟಿ ಹಿಡಿದು ಬೀದಿಗಿಳಿದಳು. ಏಪ್ರಿಲ್ ತಿಂಗಳಲ್ಲಿ ಒದ್ದೆ ಕೂದಲು! ಜೀವೊರಾದ್ ದೆಸಾಂಕಾಳ ಉಣ್ಣೆ ಶಾಲು ಎಳೆದುಕೊಂಡ.

"ದಿಂಬೂ ತಗೋ!" ಎಂದು ಅಜ್ಜಿ ಕೂಗಿದಳು. "ಹೋಗಿ ಕಲ್ಲಿನ ಮೇಲೆ ಕೂತ್ರೆ? ತಣ್ಣನೆ ಕಲ್ಲು ಹೆಣ್ಣುಮಕ್ಕಳಿಗೆ ಆಗಿ ಬರಲ್ಲ. ನಾಳೆ ಅವರಮ್ಮನಿಗೆ ಏನಂತ ಹೇಳ್ತೀಯ?"

ಹೀಗೆ ಶುರುವಾಯಿತು ಮೆರವಣಿಗೆ. ಮುಂದೆ ಜಿಂಕೆಯ ಹಾಗೆ ಹುಡುಗಿ, ಹಿಂದೆ ಹೆಗಲಿಗೆ ಹೂವಿನ ಶಾಲು, ಕಂಕುಳಲ್ಲಿ ದಿಂಬು, ಏದುಸಿರು ಬಿಡುವ ಜೀವೊರಾದ್. ಅವಳು ಚರ್ಚಿನ ಕಲ್ಲುಕಟ್ಟೆಯ ಮೇಲೆ ಕೂರಲು ಬಾಗಿದಳು. ಕಲ್ಲು ಮುಟ್ಟುವ ಮುಂಚೆ ದಿಂಬು ಅಲ್ಲಿತ್ತು. ಕಾರಂಜಿಯ ಅಂಚಿಗೆ ಹೋದಳು; ದಿಂಬು ಹಾರಿ ಬಂತು. ಮೊದಮೊದಲು ಅವಳು ಬೆಚ್ಚಿಬಿದ್ದಳು. ಆಮೇಲೆ, ಅವನ ಬೆವರು ನೋಡಿ, ಸುಮ್ಮನೆ ಕೂತು ಪಕ್ಕದಲ್ಲಿ ಅವನಿಗೂ ಜಾಗ ಬಿಟ್ಟಳು.

ಸಂತೆಯ ಹೆಂಗಸರು ಕೋಸಿನ ಗುಡ್ಡೆಗಳ ಹಿಂದಿನಿಂದ ಕತ್ತು ಚಾಚಿದರು.

"ಏನಪ್ಪಾ ಜೀವೊರಾದ್, ದೆಸಾಂಕಾ ಊರಲ್ಲಿಲ್ವಾ?"

"ಇಲ್ಲ, ನೋವಿ ಸಾದ್‌ಗೆ ಹೋಗಿದ್ದಾಳೆ," ಎಂದ ಅವನು, ಪಾಪ, ನಿಜವನ್ನೇ.

"ಓಹೋ!" ಎಂದರು ಅವರು. ಮರುಕ್ಷಣ ಫೋನುಗಳು ಕಿವಿಗೇರಿದವು.

ಮಧ್ಯಾಹ್ನ ಒಂದು ಹೋಟೆಲಿನಲ್ಲಿ ಮೀನಿನ ಸಾರು ಕುಡಿದದ್ದೇ ತಡ, ಇಂಗ್‌ವಿಲ್ಡ್ ನದಿಯ ಮೆಟ್ಟಿಲಿಳಿದಳು. ಅಂಗಿ ಕಳಚಿದಳು, ಒಳಗೆ ಈಜುಡುಗೆ. ಜೀವೊರಾದ್ ಕಣ್ಣು ಮುಚ್ಚಿಕೊಂಡ. ದಬಾಲ್ ಎಂಬ ಸದ್ದಿಗೆ ತೆರೆದ.

"ಅಯ್ಯೋ! ಹೊಟ್ಟೆ ತುಂಬಿರೋವಾಗ ನೀರಿಗಿಳೀಬಾರ್ದು ಕಣಮ್ಮಾ! ಬಾ ಮೇಲೆ!"

"ಬೆಚ್ಚಗಿದೆ!" ಎಂದಳು ನಡುನೀರಿನಿಂದ.

ಬೆಚ್ಚಗಂತೆ! ಶಾಲು ಚಾಚಿ ಒಂದು ಮೆಟ್ಟಿಲಿಳಿದ. ಇನ್ನೊಂದಿಳಿದ. ಮೂರನೆಯದು ಪಾಚಿಗಟ್ಟಿತ್ತು. ಶಾಲು, ದಿಂಬುಗಳ ಸಮೇತ ಜೀವೊರಾದ್ ಹಿಟ್ಟಿನ ಮೂಟೆಯಂತೆ ಡಾನ್ಯೂಬಿಗೆ ಬಿದ್ದ. ಹುಡುಗಿ ನಾಲ್ಕು ಬಾರಿ ಕೈಬೀಸಿ ಬಂದು ಕುತ್ತಿಗೆ ಪಟ್ಟಿ ಹಿಡಿದು ಎಳೆದಳು. ಶಾಲು ಕಾಲಿಗೆ ಸುತ್ತಿಕೊಂಡಿತ್ತು. ದಿಂಬು ಮಾತ್ರ ಬೆಲ್‌ಗ್ರೇಡಿನ ಕಡೆಗೆ ತೇಲುತ್ತಾ ಹೊರಟಿತು.

ಸಂಜೆಯ ಹೊತ್ತಿಗೆ ಅವನು ಅಡುಗೆಮನೆಯ ಒಲೆ ಪಕ್ಕ, ಎರಡು ರಜಾಯಿಗಳೊಳಗೆ, ಶೀತಕ್ಕೆ ಮದ್ದೆಂದು ರಾಕಿಯಾದಲ್ಲಿ ನೆನೆಸಿದ ಕಾಲುಚೀಲ ತೊಟ್ಟು ಕೂತಿದ್ದ. ಮನೆಯೆಲ್ಲ ಪ್ಲಮ್ ಹಣ್ಣಿನ ಹೆಂಡದ ಘಾಟು.

"ನದೀಗೆ ಬಿದ್ದಿದ್ದಕ್ಕಲ್ಲ ಕಣೋ," ಎಂದಳು ಮಿಲೆವಾ ಅಜ್ಜಿ, ಕಾಲುಚೀಲ ಎಳೆದು ಸರಿಮಾಡುತ್ತಾ. "ಬೆಳಿಗ್ಗೆ ಆ ಗಾಳೀಲಿ ನಿಂತ್ಯಲ್ಲ, ಅದರ ಪ್ರಭಾವ!"

ಬಾಗಿಲು ಧಡಾರನೆ ತೆರೆಯಿತು. ದೆಸಾಂಕಾ!

"ವಾಪಸ್ ಬರೋ ಬಸ್ಸಲ್ಲಿ ಕೂತಾಗಿನಿಂದ ಫೋನೋ ಫೋನು! ನಿನ್ನ ಗಂಡ ಚಿಕ್ಕ ಹುಡುಗಿ ಹಿಂದೆ ದಿಂಬು ಹಿಡ್ಕೊಂಡು ಊರೆಲ್ಲಾ ಓಡ್ತಿದ್ದಾನೆ ಅಂತ! ಏನಿದು, ಈ ವಯಸ್ಸಲ್ಲಿ?"

"ದೆಸಾಂಕಾ, ನೀನೇ ಹೇಳಿದ್ಯಲ್ಲ, ಅವಳು ಸೀನ... ಸೀನ..." ಎನ್ನುತ್ತಾ ಮನೆ ನಡುಗುವಂತೆ ತಾನೇ ಸೀನಿದ.

ಮೂಲೆಯಲ್ಲಿ ಬರೆಯುತ್ತಾ ಕೂತಿದ್ದ ಇಂಗ್‌ವಿಲ್ಡ್ ಎದ್ದು ನಿಂತಳು. "ಅಮ್ಮಾ, ನಾನು ಬರೆದದ್ದು ಓದ್ತೀನಿ, ಕೇಳಿ." ನಿಧಾನವಾಗಿ ಓದಿದಳು: "'ಸೆರ್ಬಿಯಕ್ಕೆ ಹೋಗುವವರಿಗೆ ಸೂಚನೆ. ಟ್ಯಾಕ್ಸಿ ಹತ್ತುವ ಮುಂಚೆ ದರ ಕೇಳಿ. ಜನಜಂಗುಳಿಯಲ್ಲಿ ಚೀಲದ ಮೇಲೆ ಕೈಯಿರಲಿ. ಎದುರುಬದುರು ಕಿಟಕಿ ತೆರೆಯಬೇಡಿ. ನಿಮಗೇನೂ ಆಗುವುದಿಲ್ಲ, ಆದರೆ ಮನೆಯವರ ಜೀವ ಹೋಗುತ್ತದೆ. ಮುದುಕರೊಬ್ಬರು ದಿಂಬು ಹಿಡಿದು ಹಿಂದೆ ಬಂದರೆ ಹೆದರಬೇಡಿ. ನನ್ನ ತಾಯಿ ತೀರಿಕೊಂಡ ಮೇಲೆ, ಇವತ್ತು ಚಳಿಯಾಗುತ್ತದೆ ಶಾಲು ಹೊದ್ದುಕೋ ಎಂದು ನನಗೆ ಹೇಳಿದವರು ಇವರೊಬ್ಬರೇ.'"

ಮಿಲೆವಾ ಅಜ್ಜಿ ಮೂಗೊರೆಸಿಕೊಂಡಳು. ದೆಸಾಂಕಾ ಹುಡುಗಿಯ ತಲೆ ಮುಟ್ಟಿ, ಕೂದಲು ಒಣಗಿದೆಯಾ ಎಂದು ನೋಡಿದಳು. ಆಮೇಲೆ ಗಂಡನ ರಜಾಯಿ ಸರಿಪಡಿಸಿದಳು.

"ಶನಿವಾರ ಮೀನು ಹಿಡಿಯೋಕೆ ಹೋಗು."

ಜೀವೊರಾದನ ಮುಖ ಹಬ್ಬದ ದೀಪವಾಯಿತು. "ನಿಜವಾಗ್ಲೂ? ಮೂರು ದಿನಾನೂ?"

"ಮೂರು ದಿನಾನೂ. ನಾನೂ ಬರ್ತೀನಿ."

"ನೀನಾ? ಅಲ್ಲಿ ಬರೀ ಗಂಡಸರು, ಕೆಸರು, ಸೊಳ್ಳೆ... ನಿಂಗೆ ಹಸಿ ಮೀನಿನ ವಾಸನೇನೇ ಆಗಲ್ವಲ್ಲ!"

"ಆಗಲ್ಲ. ಆದ್ರೂ ಬರ್ತೀನಿ." ದೆಸಾಂಕಾ ದನಿ ತಗ್ಗಿಸಿದಳು. "ಮದುವೆಯಾಗಿ ಇಷ್ಟು ವರ್ಷ ಆಯ್ತು. ಚಳಿಯಾಗ್ತಿದ್ಯಾ ಅಂತ ಒಂದು ದಿನ ನನ್ನ ಹಿಂದೆ ಬಂದಿದ್ದೀಯೇನೋ ನೀನು? ಆ ದ್ವೀಪದಲ್ಲಿ ನನ್ನ ಹಿಂದೆ ಬಾರೋ, ನಾನೂ ಮೂರು ದಿನ ನೋಡ್ತೀನಿ."

ದ್ವೀಪದಲ್ಲಿ ಕಾಯುವ ಗೆಳೆಯರ ಮುಖಗಳು ಜೀವೊರಾದನ ಕಣ್ಣೆದುರು ಬಂದವು. ಅವುಗಳನ್ನು ದೂರ ಸರಿಸಿ, ಹೆಂಡತಿಯ ಕೈ ಹಿಡಿದು ತಲೆಯಾಡಿಸಿದ.

"ಗಂಡಸರ ಮಧ್ಯೆ ದೆಸಾಂಕಾ ಒಬ್ಳೇ ಹೇಗಿರ್ತಾಳೆ?" ಎಂದಳು ಮಿಲೆವಾ ಅಜ್ಜಿ. "ನಾನೂ ಬರ್ತೀನಿ."

ಇಂಗ್‌ವಿಲ್ಡಳ ಕಣ್ಣು ಮಿನುಗಿತು. "ಈಜೋಕೆ ಆ ದ್ವೀಪದ ಹತ್ರ ನೀರು ಇಲ್ಲಿಗಿಂತ ಆಳಾನಾ?"