ನೂರನೆಯ ಸಿಳ್ಳು

ಜಟ್ಟಿಂಗಪ್ಪನವರ ತಲೆ ಕೆಡಿಸಿದ್ದು ಒಂದು ಹಸಿರು ಟೋಪಿ. ಸಾಗರದ ಪಕ್ಷಿವೀಕ್ಷಕರ ಬಳಗದಲ್ಲಿ ನೂರು ಬಗೆಯ ಹಕ್ಕಿ ಕಂಡವರಿಗಷ್ಟೇ ಅದು ಸಿಗುತ್ತಿತ್ತು. ಕೂಗು ಕೇಳಿದರೂ ಲೆಕ್ಕಕ್ಕುಂಟು, ಆದರೆ ಬಳಗದ ಯಜಮಾನರಾದ ನಿವೃತ್ತ ಪ್ರೊಫೆಸರ್ ರವಿಶಂಕರ ಒಪ್ಪಬೇಕು. ಟೋಪಿ ಇಲ್ಲದವರು ಸಾಮಾನು ಹೊರಬೇಕು. ಹಾಗೆ ಉಳಿದವರು ಇಬ್ಬರೇ, ಇಬ್ಬರದೂ ತೊಂಬತ್ತೊಂಬತ್ತು. ಅವರಲ್ಲಿ ಶ್ರೀಗೌರಿಗೆ ಸೊಂಟನೋವು. ಹೀಗಾಗಿ ಮೀಟರ್ ರೀಡರ್ ಆಗಿ ನಿವೃತ್ತರಾದ ಜಟ್ಟಿಂಗಪ್ಪ ಮೂರು ವರ್ಷದಿಂದ ಟ್ರೈಪಾಡು, ಕಾಫಿ ಫ್ಲಾಸ್ಕು, ಅವಲಕ್ಕಿ ಡಬ್ಬಿ ಹೊತ್ತು ಎಲ್ಲರ ಹಿಂದೆ ನಡೆಯುತ್ತಿದ್ದರು. ಅವರು ತಲುಪುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತಿತ್ತು.

ಆ ಭಾನುವಾರ ಹೊನ್ನೆಮರಡಿನ ಕಾಡಿನಲ್ಲಿ ಹುಡುಕಾಟ ನಡೆದದ್ದು ಸಿಳ್ಳಾರಕ್ಕೆ. ಥೇಟ್ ಮನುಷ್ಯರ ಹಾಗೆ ಸಿಳ್ಳು ಹಾಕುವ ಹಕ್ಕಿ ಅದು. ದಾರಿ ಕವಲೊಡೆದಲ್ಲಿ ಜಟ್ಟಿಂಗಪ್ಪ ಹಿಂದೆ ಬಿದ್ದರು. ಮೊಬೈಲಿಗೆ ಸಿಗ್ನಲ್ ಇಲ್ಲ. ಕಾಡಿನಲ್ಲಿ ಕೂಗಬಾರದೆಂದು ಬಳಗದ ನಿಯಮ. ಹರಟಬಾರದೆಂದು ಮಾತ್ರ ಯಾರೂ ನಿಯಮ ಮಾಡಿರಲಿಲ್ಲ. ಪಾಪ, ಅವರು ದಾರಿ ಕೇಳಲು ಉದ್ದಕ್ಕೆ ಒಂದು ಸಿಳ್ಳು ಹಾಕಿದರು.

"ಸಿಳ್ಳಾರ!" ಎಂದು ಮುಂದಿನಿಂದ ಗದ್ದಲವೆದ್ದಿತು. ಆ ಗದ್ದಲದ ಜಾಡು ಹಿಡಿದು ಇವರು ಏದುಸಿರು ಬಿಡುತ್ತ ತಲುಪಿದಾಗ ಶ್ರೀಗೌರಿಯ ತಲೆಯ ಮೇಲೆ ಟೋಪಿ ಕೂತಾಗಿತ್ತು.

"ಜಟ್ಟಿಂಗಪ್ನೋರೇ, ನಿಮ್ಗೂ ಕೇಳಿಸ್ತಾ?" ರವಿಶಂಕರ ಪೆನ್ನು ಹಿಡಿದಿದ್ದರು. "ಹೂಂ ಅನ್ನಿ, ನಿಮ್ದೂ ನೂರಾಯ್ತು. ಇನ್ನೊಂದು ಟೋಪಿ ಬ್ಯಾಗಲ್ಲೇ ಇದೆ."

ಒಂದು 'ಹೂಂ' ಸಾಕಿತ್ತು. ಆದರೆ ಮೂವತ್ತು ವರ್ಷ ಒಂದೇ ಒಂದು ಸುಳ್ಳು ರೀಡಿಂಗ್ ಬರೆಯದ ಮನುಷ್ಯ. ಆ ಹಾಳು ಚಾಳಿ ಅಡ್ಡ ಬಂತು.

"ಸಾರ್... ಅದು ಸಿಳ್ಳಾರ ಅಲ್ಲ. ನಾನೇ ಸಿಳ್ಳು ಹಾಕಿದ್ದು."

"ಎಂತ ಮಾರಾಯ್ರೇ ಇದು!" ಶ್ರೀಗೌರಿ ಎರಡೂ ಕೈಯಲ್ಲಿ ಟೋಪಿ ಅದುಮಿ ಹಿಡಿದರು. "ತಮಗೆ ಸಿಗ್ಲಿಲ್ಲ ಅಂತ ನಂದಕ್ಕೂ ಕಲ್ಲು ಹಾಕೋದಾ?"

"ಎಲ್ಲಿ, ಇನ್ನೊಂದ್ಸಲ ಹಾಕಿ ನೋಡೋಣ," ಎಂದರು ರವಿಶಂಕರ.

ಜಟ್ಟಿಂಗಪ್ಪ ಹಾಕಿ ತೋರಿಸಿದರು. ರವಿಶಂಕರ ಪುಸ್ತಕದಲ್ಲಿ ಗೀಟು ಎಳೆದರು, ಶ್ರೀಗೌರಿಯ ತಲೆಯಿಂದ ಟೋಪಿ ತೆಗೆದರು. ಆಮೇಲೆ ಯಾರೂ ಮಾತಾಡಲಿಲ್ಲ. ಆ ಬಳಗ ಕಾಡಿನಲ್ಲಿ ಬಾಯಿ ಮುಚ್ಚಿ ನಡೆದದ್ದು ಅದೇ ಮೊದಲು.

ಅದಕ್ಕೇ ಇರಬೇಕು, ಹಳ್ಳದ ಬಂಡೆಯ ಮೇಲೆ ನಿಜವಾದ ಸಿಳ್ಳಾರ ಬಂದು ಕೂತಿತು. ಎಲ್ಲರ ಹಿಂದಿದ್ದ ಜಟ್ಟಿಂಗಪ್ಪನವರಿಂದ ನಾಲ್ಕೇ ಮಾರು ದೂರ. ಕೊರಳೆತ್ತಿ ಎಷ್ಟು ಸೊಗಸಾಗಿ ಸಿಳ್ಳು ಹಾಕಿತೆಂದರೆ ಅವರಿಗೆ ಕಣ್ಣಲ್ಲಿ ನೀರು ಬಂತು. ಬಾಯಿಬಿಟ್ಟರೆ ಎಲ್ಲಿ ಹಾರೀತೋ ಎಂದು ಉಸಿರು ಹಿಡಿದು ನಿಂತರು.

"ಸಾಕು ನಿಲ್ಸ್ರೀ!" ರವಿಶಂಕರ ತಿರುಗಿಯೂ ನೋಡದೆ ಗುಡುಗಿದರು. ಹಕ್ಕಿ ಹಾರಿಹೋಯಿತು. "ತಮಾಷೆ ಮಾಡ್ತೀರಾ? ಮುಂದಿನ ವಾರದಿಂದ ಬರಬೇಡಿ!"

"ಅಯ್ಯೋ, ಹಾಗಂದ್ರೆ ಹೆಂಗೆ?" ಶ್ರೀಗೌರಿ ಗಾಬರಿಯಾದರು. "ಸಾಮಾನು ಹೊರೋರು ಯಾರು?"

ರವಿಶಂಕರ ಸ್ವಲ್ಪ ಯೋಚಿಸಿದರು. "ಸರಿ, ಬರ್ಲಿ. ಆದ್ರೆ ಹಳೇ ತೊಂಬತ್ತೊಂಬತ್ತು ರದ್ದು. ಒಂದರಿಂದ ಶುರು ಮಾಡ್ಲಿ."

ಜಟ್ಟಿಂಗಪ್ಪ ಖಾಲಿ ಬಂಡೆಯನ್ನು ನೋಡಿದರು. ಟ್ರೈಪಾಡನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡರು. ಎದುರಿನ ಮರದಲ್ಲಿ ಏನೋ ಕಪ್ಪಗೆ ಕೂತಿತ್ತು.

"ಸಾರ್, ಕಾಗೆ," ಎಂದರು. "ಬರ್ಕೊಳ್ಳಿ."