ತಿನ್ನದ ಬೆಲ್ಲದ ಅಪರಾಧಿ

ಕದ್ದವನು ಎದೆ ತಟ್ಟಿಕೊಂಡು ‘ನಾನಲ್ಲ’ ಎನ್ನಬಲ್ಲ. ಕದಿಯದವನ ಬಾಯಲ್ಲೇ ಮಾತು ತಡವರಿಸುವುದು. ಈ ಸತ್ಯವನ್ನು ನಾನು ಕಾರವಾರದ ನಮ್ಮ ಮನೆಯಲ್ಲಿ, ಚಳಿಜ್ವರದಿಂದ ನಡುಗುತ್ತ ಕಂಬಳಿಯ ಕೆಳಗೆ ಮಲಗಿ ಕಂಡುಕೊಂಡೆ.

ಆಗ ನನಗೆ ಸಿಹಿಮೂತ್ರದ ರೋಗ ಅಂಟಿ ಎರಡು ವರ್ಷ. ಕಚೇರಿಯಲ್ಲಿ ಕುಳಿತು ಕುಳಿತು ಬಂದದ್ದೆಂದು ಡಾಕ್ಟರರು ಹೇಳಿದರು. ತಿಂದು ತಿಂದು ಬಂದದ್ದೆಂದು ಹೆಂಡತಿ ಸುಭದ್ರೆ ಹೇಳಿದಳು. ಇಬ್ಬರೂ ಸೇರಿ ನನ್ನ ಮೇಲೆ ಪೋಲೀಸು ಕಾವಲು ಹಾಕಿದರು. ಡಾಕ್ಟರರು ಕೊಟ್ಟ ನೀಲಿ ಔಷಧಕ್ಕೆ ನನ್ನ ಮೂತ್ರದ ಎಂಟು ಹನಿ ಬಿಟ್ಟು ಗಾಜಿನ ನಳಿಗೆಯಲ್ಲಿ ಕಾಯಿಸಬೇಕು. ನೀಲಿಯಾಗಿಯೇ ಉಳಿದರೆ ನಾನು ಸಜ್ಜನ. ಚಿರೆಕಲ್ಲಿನಂತೆ ಕೆಂಪಾದರೆ ಮೈತುಂಬ ಸಕ್ಕರೆ. ಬಚ್ಚಲ ಒಲೆಯ ಮುಂದೆ ಕುಳಿತು ಸುಭದ್ರೆ ದಿನವೂ ಈ ವಿಚಾರಣೆ ನಡೆಸುತ್ತಿದ್ದಳು.

ಆ ವರ್ಷ ಊರಲ್ಲೆಲ್ಲ ಇನ್‌ಫ್ಲುಯೆಂಜಾ. ಮುಂಬಯಿಯ ಆಗಬೋಟಿನಲ್ಲಿ, ಆ ಉಗಿಹಡಗಿನಲ್ಲಿ, ಬಂದಿಳಿಯಿತೆಂದು ಜನ ಹೇಳುತ್ತಿದ್ದರು. ಕಚೇರಿಯಲ್ಲಿ ಅರ್ಧ ಜನ ಕೆಮ್ಮುತ್ತಿದ್ದರು, ಇನ್ನರ್ಧ ರಜೆ. ನಾನೂ ಮಲಗಿದೆ. ಮೂರು ದಿನ ನಾಲ್ಕು ಗುಟುಕು ಗಂಜಿ ಬಿಟ್ಟು ಬೇರೇನೂ ಗಂಟಲಲ್ಲಿ ಇಳಿಯಲಿಲ್ಲ. ಜನ್ಮದಲ್ಲಿ ಅಷ್ಟು ಪ್ರಾಮಾಣಿಕನಾಗಿ ನಾನೆಂದೂ ಇರಲಿಲ್ಲ. ಆದರೂ ನಳಿಗೆ ಕೆಂಪೋ ಕೆಂಪು.

“ಎಲ್ಲಿ ಅಡಗ್ಸಿ ಇಟ್ಕಂಡೀರಿ?” ಎಂದಳು ಸುಭದ್ರೆ, ದಿಂಬಿನ ಕೆಳಗೆ ಕೈಹಾಕಿ.

“ಎಂತದು?”

“ಬೆಲ್ಲ, ಮತ್ತೆಂತದು? ಉಪಾಸ ಇದ್ದವ್ರ ಮೈಯಾಗೆ ಸಕ್ರೆ ಎಲ್ಲಿಂದ ಬತ್ತದೆ?”

ನನಗೂ ಅದೇ ಪ್ರಶ್ನೆ. ನಮ್ಮ ಅಂಕೋಲೆಯ ಜನ ಉಪ್ಪು ಮಾಡಿ ಜೈಲಿಗೆ ಹೋದವರು. ಅದೇ ಊರಲ್ಲಿ ಹುಟ್ಟಿದ ನಾನು ತಿನ್ನದ ಬೆಲ್ಲಕ್ಕೆ ಶಿಕ್ಷೆ ಅನುಭವಿಸಿದೆ. ಗಂಜಿಯಲ್ಲಿದ್ದ ಅನ್ನವೂ ಬಂದಾಗಿ ಬರೀ ತಿಳಿ ಉಳಿಯಿತು. ಮರುದಿನ ನಳಿಗೆ ಇನ್ನಷ್ಟು ಕೆಂಪು. ನನಗೆ ತಲೆ ಎತ್ತುವ ಶಕ್ತಿಯೂ ಇಲ್ಲ. ನಿಜ ಹೇಳಬೇಕೆಂದರೆ, ಸುಭದ್ರೆಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚು. ಮಹಾಯುದ್ಧದ ಕೊನೆಗೆ ಬಂದ ದೊಡ್ಡ ಜ್ವರದಲ್ಲಿ ಅವಳ ಅಣ್ಣ ಎಂಟೇ ದಿನದಲ್ಲಿ ಹೋಗಿಬಿಟ್ಟಿದ್ದ. ಅಡುಗೆಮನೆಯಲ್ಲಿ ಅವಳು ಅಳುವುದು ಕೇಳಿ ನನಗೂ ಜೀವದ ಭಯ ಹುಟ್ಟಿತು. ಕೊನೆಗೆ, ಕಳವಾದಾಗ ನಮ್ಮ ಕಡೆ ಮಾಡುವುದನ್ನೇ ಅವಳೂ ಮಾಡಿದಳು. ತವರೂರು ಅವರ್ಸಾಕ್ಕೆ ಹೇಳಿಕಳಿಸಿ, ‘ಮನೆಯ ಬೆಲ್ಲ ಕದ್ದವರು ಯಾರೇ ಇರಲಿ, ತೋರಿಸಿಕೊಡು’ ಎಂದು ದೇವರ ಮುಂದೆ ಕಾಯಿ ಇಡಿಸಿದಳು. ಕಳ್ಳ ಸಿಗುವ ತನಕ ಆ ಕಾಯಿ ಅಲ್ಲೇ ಇರಬೇಕು.

ಆ ಸಂಜೆ ಡಾಕ್ಟರರು ಬಂದು ನಳಿಗೆ ನೋಡಿ, ಸಕ್ಕರೆ ಇಳಿಸುವ ಸೂಜಿಮದ್ದು ಹೆಚ್ಚಿಸಿ, ಅವಳನ್ನು ಗದರಿಸಿದರು. “ಬಾಯೀ, ಈ ರೋಗ ಇದ್ದವ್ರಿಗೆ ಜ್ವರ ಬಂದ್ರೆ ತಿನ್ನದಿದ್ರೂ ಸಕ್ರೆ ಏರ್ತದೆ. ಮೈಯೇ ಒಳಗಿಂದ ಬಿಡ್ತದೆ. ಉಪಾಸ ಕೆಡವಿ ಕೊಲ್ತೀರಾ ಇವ್ರನ್ನ? ಗಂಜಿ ಹಾಕಿ!”

ನಾಲ್ಕು ದಿನದಲ್ಲಿ ಜ್ವರ ಇಳಿಯಿತು, ನಳಿಗೆಯ ಕೆಂಪೂ ಇಳಿಯಿತು. ಸುಭದ್ರೆ ಹಾಸಿಗೆಯ ಬಳಿ ಕುಳಿತು ಕಣ್ಣೊರೆಸಿಕೊಂಡಳು. “ಸುಮ್‌ಸುಮ್ನೆ ನಿಮ್ಮನ್ನ ಕಳ್ಳ ಅಂದೆ. ತಪ್ಪಾಯ್ತು.” ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ. ಹಾಗೆಯೇ, ನಾಳೆಯೇ ಅವರ್ಸಾಕ್ಕೆ ಹೇಳಿಕಳಿಸಿ ಆ ಕಾಯಿ ತೆಗೆಸಿಬಿಡು ಎಂದೆ.

“ನೀವು ತಿಂದೇ ಇಲ್ಲ ಅಂದ್ಮೇಲೆ ಅದು ಅಲ್ಲೇ ಇರ್ಲಿ ಬಿಡಿ. ನಿಮ್ಗೆಂತಕ್ಕೆ ಹೆದ್ರಿಕೆ?”

ಜ್ವರದ ದಿನಗಳ ಮಟ್ಟಿಗೆ ನಾನು ನಿರಪರಾಧಿ, ಡಾಕ್ಟರರೇ ಸಾಕ್ಷಿ. ಆದರೆ ದೇವರ ಮುಂದಿನ ಕಾಯಿಗೆ ತಾರೀಕು ತಿಳಿಯುತ್ತದೆಯೇ? ಜೋನಿಬೆಲ್ಲದ ಕೊಡಕ್ಕೆ ಕೈಯದ್ದಿದ ದಿನಗಳಲ್ಲೆಲ್ಲ ನಾನು ಸುಭದ್ರೆಗೆ ಕೊಡುತ್ತಿದ್ದ ಶೀಸೆಯಲ್ಲಿ ಇರುತ್ತಿದ್ದುದು ನಮ್ಮ ಕೊಟ್ಟಿಗೆಯ ಹಸುವಿನ ಮೂತ್ರ. ಎರಡು ವರ್ಷ ನಳಿಗೆಯ ನೀಲಿ ಕಂಡು ಡಾಕ್ಟರರು ‘ಭಲೇ, ಇದಪ್ಪ ಸಂಯಮ’ ಎಂದು ತಟ್ಟಿದ್ದು ನನ್ನ ಬೆನ್ನನ್ನು. ನ್ಯಾಯವಾಗಿ ತಟ್ಟಬೇಕಾಗಿದ್ದುದು ಹಸುವಿನದನ್ನು.