ಮಾರಾಟವಾದ ಸಾಲ ಮತ್ತು ನಲವತ್ತೊಂದರ ವಿದ್ಯಾರ್ಥಿ

ಬೇರೆಯವರ ಮನೆಯಲ್ಲಿ ಸಾಲ ಅಂದರೆ ಜನರ ಮುಖ ಬಾಡುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಆರು ತಿಂಗಳಿಗೊಮ್ಮೆ ಸಾಲದ ನೆಪದಲ್ಲಿ ಏನಾದರೊಂದು ನಗುವ ಪ್ರಸಂಗ ನಡೆಯದೆ ಬಿಡುವುದಿಲ್ಲ. ಬೇಡವೆಂದರೂ ನಡೆಯುತ್ತದೆ. ಯಾರ ಹಣೆಬರಹ ಹೇಗೋ ನೋಡಿ.

ಮೊದಲು ಹಿನ್ನೆಲೆ ಹೇಳಿಬಿಡುತ್ತೇನೆ. ನಾನು ಗದಗಿನವನು. ಹದಿನಾರು ವರ್ಷದ ಹಿಂದೆ ಸಿಂಗಪುರದಲ್ಲಿ ಮಾಸ್ಟರ್ಸ್ ಓದಲು ಊರಿನ ಬ್ಯಾಂಕಿನಲ್ಲಿ ಸಾಲ ತೆಗೆದೆ. ಜಾಮೀನು ನಿಂತವರು ನನ್ನ ಸೋದರಮಾವ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರಾಗಿದ್ದವರು, ಈಗ ನಿವೃತ್ತರು. ನಾನು ಓದಿದೆ, ಇಲ್ಲೇ ಕೆಲಸಕ್ಕೆ ಸೇರಿದೆ, ಮದುವೆಯಾದೆ, ಮಗಳು ಹುಟ್ಟಿದಳು, ಕಂತೂ ಕಟ್ಟುತ್ತಾ ಬಂದೆ. ಎರಡೂವರೆ ವರ್ಷದ ಹಿಂದೆ ನಮ್ಮ ಆಫೀಸು ಇಲ್ಲಿನ ಬಾಗಿಲು ಹಾಕಿತು. ಹಿಂದೊಮ್ಮೆ ಅಪೆಂಡಿಕ್ಸ್ ಆಪರೇಷನ್ ಆದಾಗ ನನ್ನನ್ನು ನೋಡಿಕೊಂಡ ಒಬ್ಬ ಗಂಡು ನರ್ಸ್ ಇದ್ದ. ಅವನ ಕೆಲಸದ ಮೇಲೆ ಅಂದಿನಿಂದಲೂ ನನಗೊಂದು ಕಣ್ಣಿತ್ತು. ಹೆಂಡತಿ ಕಾಕಿ ಬುಕಿತ್‌ನ ಒಂದು ಗೋದಾಮಿನ ಆಫೀಸಿನಲ್ಲಿ ಸ್ಟಾಕ್ ನೋಡಿಕೊಳ್ಳುತ್ತಾಳೆ. "ಓದ್ರಿ, ಮೂರು ವರ್ಷ ನಾನ್ ಮ್ಯಾನೇಜ್ ಮಾಡ್ತೀನಿ" ಅಂದಳು. ಹೀಗೆ ಮೂರು ವರ್ಷದ ನರ್ಸಿಂಗ್ ಕೋರ್ಸಿಗೆ ಸೇರಿದೆ.

ಸಾಲದ ಕರಾರಿನಲ್ಲಿ ಒಂದು ಒಳ್ಳೆಯ ಸಾಲಿತ್ತು. ಸಾಲಗಾರ ಮತ್ತೆ ಓದಲು ಕೂತರೆ ಅಷ್ಟು ಕಾಲ ಕಂತು ಮುಂದೂಡಬಹುದು ಅಂತ. ನಮ್ಮ ಸಂಸಾರ ನಿಂತಿದ್ದೇ ಆ ಒಂದು ಸಾಲಿನ ಮೇಲೆ. ಮುಂದೂಡದಿದ್ದರೆ ಒಂದು ಸಂಬಳದಲ್ಲಿ ಬಾಡಿಗೆಯೂ ಕಂತೂ ಆಗುವುದಿಲ್ಲ. ನಾನು ಕೋರ್ಸು ಬಿಡಬೇಕು, ಇಲ್ಲವಾದರೆ ಬ್ಯಾಂಕಿನವರು ಮಾವನ ಪಿಂಚಣಿಗೆ ಕೈ ಹಾಕುತ್ತಾರೆ.

೧. ಹರಾಜಿನಲ್ಲಿ ನಾವಿಬ್ಬರು

ಮೊದಲ ಸಲ ಬ್ಯಾಂಕಿನವರು ಒಂದು ಅರ್ಜಿ ತೆಗೆದುಕೊಂಡು ಸುಮ್ಮನೆ ಮುಂದೂಡಿಕೊಟ್ಟರು. ಎರಡನೇ ಸಲ ಫೋನ್ ಮಾಡಿದರೆ ಅಲ್ಲಿನ ಗುಮಾಸ್ತ, "ನಿಮ್ಮ ಲೋನ್ ನಮ್ಮ ಹತ್ರ ಇಲ್ರೀ ಸರ. ಹಳೇ ಎಜುಕೇಶನ್ ಲೋನ್ ಎಲ್ಲಾ ಗಂಟು ಕಟ್ಟಿ ಬೆಂಗಳೂರಿನ ಒಂದು ಪ್ರೈವೇಟ್ ಕಂಪನಿಗೆ ಮಾರಿಬಿಟ್ಟೇವ್ರಿ" ಅಂದ. ಹಳೇ ಪೇಪರ್ ತೂಕಕ್ಕೆ ಹಾಕಿದವನ ದನಿ ಅದು.

ಹದಿನಾರು ವರ್ಷದ ಸಂಬಂಧ. ನನಗೆ ನಿಜವಾಗಲೂ ಬೇಜಾರಾಯಿತು. ಮಾವನಿಗೆ ಹೇಗೆ ಹೇಳುವುದೋ ಅಂತ ಅಳುಕುತ್ತಲೇ ಫೋನ್ ಮಾಡಿದೆ.

"ಮಾವಾ, ಬ್ಯಾಂಕಿನವರು ನನ್ನ ಸಾಲ ಮಾರ್‍ಯಾರ."

"ನಾನು ಜಾಮೀನು ಅದೀನಲ್ಲ, ನನ್ನೂ ಕೂಡಿಸೇ ಮಾರ್‍ಯಾರೇನು?"

"ಹೌದ್ರಿ ಮಾವಾ."

"ಇಬ್ಬರೂ ಕೂಡಿ ಎಷ್ಟಕ್ಕ ಹೋದ್ವಿ?" ಅಂದರು.

೨. ವಿದ್ಯಾರ್ಥಿಗೆ ಫೋನ್ ಕೊಡಿ

ಹೊಸ ಕಂಪನಿಯಿಂದ ಮೊದಲ ಫೋನ್ ಬಂದಾಗ ನಾನು ಜುರಾಂಗ್ ವೆಸ್ಟ್‌ನ ನಮ್ಮ ಬ್ಲಾಕಿನ ಕೆಳಗೆ, ಇಲ್ಲಿ ವಾಯ್ಡ್ ಡೆಕ್ ಅನ್ನುವ ತೆರೆದ ಪಡಸಾಲೆಯಲ್ಲಿ ಕೂತಿದ್ದೆ. ಪಕ್ಕದಲ್ಲಿ ಹನ್ನೊಂದು ವರ್ಷದ ಮಗಳು ನನ್ನ ಅನಾಟಮಿ ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಿದ್ದಳು. ಆ ಕಡೆಯಿಂದ ಎಳೆಯ ಹುಡುಗಿಯ ದನಿ.

"ಸಾರ್, ವಿದ್ಯಾರ್ಥಿ ಹತ್ರ ಮಾತಾಡಬೇಕಿತ್ತು."

"ಮಾತಾಡಿ ಮೇಡಂ."

"ನೀವಲ್ಲ ಸಾರ್. ನಿಮ್ಮ ಮಗನಿಗೆ ಕೊಡಿ."

"ನನಗೆ ಮಗ ಇಲ್ಲ. ಓದ್ತಾ ಇರೋದು ನಾನೇ."

"ನಿಮ್ಮ ಏಜ್ ಎಷ್ಟು ಸಾರ್?"

"ನಲವತ್ತೊಂದು."

ಕಂಪ್ಯೂಟರಿನಲ್ಲಿ ಏನೋ ಟೈಪ್ ಮಾಡಿದ ಸದ್ದು ಕೇಳಿತು. "ಹದಿನಾರು ವರ್ಷದಿಂದ ಓದ್ತಾನೇ ಇದೀರಾ?" ಅಂದಳು. ನಾನು ಇಲ್ಲಮ್ಮ, ಅದು ಬೇರೆ ಕೋರ್ಸು, ಇದು ಬೇರೆ ಕೋರ್ಸು ಅಂತ ವಿವರಿಸಲು ಹೊರಟೆ. ಮಗಳಿಗೆ ಅಪ್ಪನ ಮಾನದ ಚಿಂತೆ. ಫೋನಿಗೆ ಬಾಯಿ ಹಾಕಿ, ಸಿಂಗಪುರದವರ 'ಲಾ' ಸೇರಿಸಿ, "ಪಪ್ಪಾ ಫೇಲ್ ಆಗಿಲ್ಲ ಲಾ! ಲಾಸ್ಟ್ ಟೆಸ್ಟ್‌ನಲ್ಲಿ ಮಾತ್ರ ಕಡಿಮೆ ಬಂತು" ಅಂದಳು.

ಆ ಹುಡುಗಿಗೆ ಎಲ್ಲಾ ಅರ್ಥವಾದಂತಾಯಿತು. ಬಹಳ ಮೃದುವಾಗಿ, "ಪರವಾಗಿಲ್ಲ ಸಾರ್, ಬಿಡಬೇಡಿ, ಟ್ರೈ ಮಾಡ್ತಾ ಇರಿ" ಅಂದು ಫೋನ್ ಇಟ್ಟಳು.

೩. ಮಾಸ್ತರ ಸಹಿ

ಹೊಸ ಕಂಪನಿಯ ನಿಯಮ ಬೇರೆ. ಆರು ತಿಂಗಳಿಗೊಮ್ಮೆ ಅರ್ಜಿ ಹಾಕಬೇಕು, ಅದರಲ್ಲಿ ಜಾಮೀನುದಾರರು ನಾಲ್ಕು ಕಡೆ ಸಹಿ ಮಾಡಬೇಕು, ಕಾಗದ ಕೊರಿಯರಿನಲ್ಲಿ ಬೆಂಗಳೂರಿಗೆ ಹೋಗಬೇಕು. ಮಾವ ಸಹಿ ಮಾಡಿ ಕಳಿಸಿದರು. ಹತ್ತೇ ದಿನದಲ್ಲಿ ತಿರಸ್ಕಾರ. ಕಾರಣ, ಹಳೆಯ ಸಹಿಗೆ ಹೊಂದುತ್ತಿಲ್ಲ.

ಕಾಗದದ ಫೋಟೋ ನೋಡಿದೆ. ಹಳೆಯದಕ್ಕೆ ಹೊಂದುವ ಮಾತಿರಲಿ, ಆ ನಾಲ್ಕು ಸಹಿ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಮೊದಲನೆಯದು ನೆಟ್ಟಗಿತ್ತು. ಎರಡನೆಯದು ಬಾಗಿತ್ತು. ಮೂರನೆಯದರ ಕೊನೆಯಲ್ಲಿ ಬಳ್ಳಿ ಬಿಟ್ಟಿದ್ದರು. ನಾಲ್ಕನೆಯದಕ್ಕೆ ನೆರಳು ಕೊಟ್ಟಿದ್ದರು.

"ಮಾವಾ, ಹದಿನಾರು ವರ್ಷದ ಹಿಂದ ಹ್ಯಾಂಗ ಮಾಡಿದ್ರೋ ಹಂಗ ಮಾಡ್ರಿ."

"ಅದೇನು ಸಹಿ ಅದು? ಆವಾಗ ನನ್ನ ಕೈ ಪಳಗಿರಲಿಲ್ಲ. ಈಗ ಎಷ್ಟು ಸುಧಾರಿಸೇತಿ ನೋಡು."

ಬ್ಯಾಂಕಿನಿಂದ ಹಳೆಯ ಸಹಿಯ ಪ್ರತಿ ತರಿಸಿ ವಾಟ್ಸಾಪ್ ಮಾಡಿದೆ. ಮಾವ ಅದನ್ನು ಎದುರಿಗಿಟ್ಟುಕೊಂಡು, ಮೊದಲು ಪೆನ್ಸಿಲಿನಲ್ಲಿ ಗೆರೆ ಹಾಕಿ, ಮೇಲೆ ಶಾಯಿ ತೀಡಿ, ಪೆನ್ಸಿಲ್ ಗುರುತು ರಬ್ಬರಿನಿಂದ ಅಳಿಸಿ ಕಳಿಸಿದರು. ಕಂಪನಿ ಒಂದೇ ನೋಟಕ್ಕೆ ಒಪ್ಪಿತು.

ಮಾವನಿಗೆ ಮಾತ್ರ ಸಮಾಧಾನವಿಲ್ಲ. "ಮನಸಾರೆ ಮಾಡಿದ ಸಹಿ ಖೋಟಾ ಅಂದ್ರು. ಕಾಪಿ ಹೊಡದಿದ್ದು ಅಸಲಿ ಅಂದ್ರು. ಇದ ಕಾಪಿ ಸಲುವಾಗಿ ನಾ ಎಷ್ಟು ಹುಡುಗರ ಕಿವಿ ಹಿಂಡೀನೋ ಏನೋ" ಅಂದರು.

೪. ನಾಲ್ಕು ಮೂಲೆ

ಮುಂದಿನ ಸಲ ಸಹಿ ಸರಿಯಾಗಿತ್ತು. ಆದರೂ ಅರ್ಜಿ ತಿರುಗಿ ಬಂತು. "ದಾಖಲೆಯ ನಾಲ್ಕೂ ಮೂಲೆಗಳಲ್ಲಿ ಹಳದಿ ಕಲೆಗಳಿವೆ. ಹಾನಿಯಾದ ಕಾಗದವನ್ನು ಸ್ವೀಕರಿಸಲಾಗುವುದಿಲ್ಲ" ಅಂತ ಇಮೇಲ್.

ಮಾವನ ಮನೆಯಲ್ಲಿ ಕಾಗದಕ್ಕೆ ಅದೇನು ಹಾನಿಯಾಯಿತೋ ಅಂತ ಫೋನ್ ಮಾಡಿದೆ. ಮಾವನ ಹೆಂಡತಿ, ನಮ್ಮ ಅತ್ತಿ, ಫೋನ್ ಎತ್ತಿದರು. ಅವರದೇ ಕೆಲಸ. ಒಳ್ಳೆಯ ಕೆಲಸಕ್ಕೆ ಮನೆಯಿಂದ ಹೊರಡುವ ಕಾಗದ, ಬರಿದೇ ಹೇಗೆ ಕಳಿಸುವುದು ಅಂತ ಲಗ್ನಪತ್ರಿಕೆಗೆ ಹಚ್ಚುವ ಹಾಗೆ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ದೇವರ ಮುಂದೆ ಒಂದು ರಾತ್ರಿ ಇಟ್ಟು ಕಳಿಸಿದ್ದರು.

ನಾನು ನಿಧಾನಕ್ಕೆ ತಿಳಿಸಿ ಹೇಳಿದೆ. "ಅತ್ತಿ, ಅರಿಶಿನ ಹಚ್ಚಿದ್ದಕ್ಕ ಅರ್ಜಿ ವಾಪಸ್ ಬಂದೈತ್ರಿ."

"ನನಗೂ ಹಂಗ ಅನಿಸಿತ್ತಪಾ" ಅಂದರು ಅತ್ತಿ. "ಬರೇ ಅರಿಶಿನ ಹಚ್ಚಿದ್ದು ತಪ್ಪಾತು. ಈ ಸಲ ಕುಂಕುಮನೂ ಹಚ್ಚತೀನಿ."

ಮಾವ ಕಾಗದ ಕಸಿದುಕೊಂಡು ತಾವೇ ಕೊರಿಯರ್ ಅಂಗಡಿಗೆ ಓಡಿದ್ದರಿಂದ ಆ ಸಲ ಬಚಾವಾದೆವು.

೫. ವಸೂಲಿಯವನ ಚಿತ್ರ

ಹೀಗೆ ಅರ್ಜಿ ಓಡಾಡುತ್ತಿದ್ದ ನಡುವೆ ಕಂಪನಿಯ ಕಂಪ್ಯೂಟರಿಗೆ ನಾನು ಕಂತು ತಪ್ಪಿಸಿದವನಂತೆ ಕಂಡೆ. ಜಾಮೀನುದಾರರಿಗೆ ಬಿಸಿ ಮುಟ್ಟಿಸಿ ಬಾ ಅಂತ ಹುಬ್ಬಳ್ಳಿಯಿಂದ ಒಬ್ಬ ವಸೂಲಿಯವನನ್ನು ಗದಗಿಗೆ ಕಳಿಸಿದರು. ವಿಷಯ ಗೊತ್ತಾದಾಗ, ಜೀವಮಾನದಲ್ಲಿ ಯಾರಿಂದಲೂ ಒಂದು ಮಾತು ಕೇಳದ ಮನುಷ್ಯ, ನನ್ನ ದೆಸೆಯಿಂದ ಬಾಗಿಲಲ್ಲಿ ನಿಂತು ಅನ್ನಿಸಿಕೊಳ್ಳಬೇಕಲ್ಲ ಅಂತ ಬಹಳ ನೋವಾಯಿತು.

ಆದದ್ದು ಹೀಗೆ. ಅವನು ಮಧ್ಯಾಹ್ನ ಊಟದ ಹೊತ್ತಿಗೆ ಹೋದ. ಬ್ಯಾಗಿಗೆ ಕೈ ಹಾಕುವುದರೊಳಗೆ ಅತ್ತಿ, "ಮದಲ ಕೈ ತೊಳಕೋರಿ" ಅಂದರು. ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು. ಬೇಡ ಅಂದಷ್ಟೂ ಬಡಿಸಿದರು. ಬೆಳಿಗ್ಗೆಯಿಂದ ಬಿಸಿಲಲ್ಲಿ ಬೈಕ್ ಓಡಿಸಿದ ಜೀವ. ಊಟವಾದ ಮೇಲೆ ಐದು ನಿಮಿಷ ಕೂರುತ್ತೇನೆ ಅಂತ ಪಡಸಾಲೆಯ ಮಂಚದ ಮೇಲೆ ಕೂತವನು ಹಾಗೇ ಉರುಳಿದ. ಎದ್ದಾಗ ನಾಲ್ಕೂವರೆ. ನಾಚಿಕೊಂಡು, ಚಹಾ ಕುಡಿದು, ನೋಟೀಸು ಕೊಡುವುದನ್ನೂ ಮರೆತು ಹೋದ.

ಅವನ ಕೆಲಸಕ್ಕೆ ತೊಂದರೆಯಾದೀತು ಅಂತ ಮಾವನಿಗೆ ಕನಿಕರ. ಅವನು ಬಂದಿದ್ದ ಅನ್ನುವುದಕ್ಕೆ ತಾವೇ ಒಂದು ಪುರಾವೆ ತಯಾರಿಸಿ ಕಂಪನಿಗೆ ಅಂಚೆಯಲ್ಲಿ ಕಳಿಸಿದರು. ಅದರ ಪ್ರತಿ ಕಂಪನಿಯಿಂದ ನನಗೂ ಬಂತು. ಮೇಲೆ "ಜಾಮೀನುದಾರರ ಮನೆಗೆ ಭೇಟಿ ಖಚಿತವಾಗಿದೆ" ಅಂತ ಮೊಹರು. ಕೆಳಗೆ ಮಾವನ ಮಂಚ, ಅದರ ಮೇಲೆ ಬ್ಯಾಗು ತಬ್ಬಿಕೊಂಡು ಬಾಯಿ ತೆರೆದು ಮಲಗಿದ ವಸೂಲಿಯವನ ಅಚ್ಚುಕಟ್ಟಾದ ಪೆನ್ಸಿಲ್ ಚಿತ್ರ.

೬. ಗುಣಾಕಾರ

ನರ್ಸಿಂಗ್ ಓದುವವರಿಗೆ ಇಲ್ಲಿ ತಿಂಗಳಿಗೆ ಒಂದಿಷ್ಟು ಭತ್ಯೆ ಕೊಡುತ್ತಾರೆ. ಅದರ ವಿವರ ಕೇಳಿ ಕಂಪನಿಯ ಒಬ್ಬ ಹುಡುಗ ಫೋನ್ ಮಾಡಿದ. ಡಾಲರಿನಲ್ಲಿ ಹೇಳಿದೆ. ಅವನು ರೂಪಾಯಿಗೆ ಗುಣಿಸಿದ.

"ಸಾರ್, ಇಷ್ಟು ಬರುತ್ತೆ, ಆದ್ರೂ ಕಂತು ಮುಂದಕ್ಕೆ ಹಾಕಿ ಅಂತೀರಲ್ಲ."

ನಾನೂ ಬಿಡಲಿಲ್ಲ. ಮನೆ ಬಾಡಿಗೆ ಹೇಳಿದೆ, ಅದನ್ನೂ ಗುಣಿಸು ಅಂದೆ. ಗುಣಿಸಿದ. ಎಂಆರ್‌ಟಿ ರೈಲಿನ ಖರ್ಚು ಗುಣಿಸಿದ. ಮಗಳ ಕನ್ನಡಕ ಗುಣಿಸಿದ. ಹಾಕರ್ ಸೆಂಟರಿನ ಅಗ್ಗದ ಅಂಗಡಿಯಲ್ಲಿ ಮೂರು ಜನರ ಊಟಕ್ಕೆ ಬರುವ ಹೊತ್ತಿಗೆ ಅವನ ದನಿ ಪೂರ್ತಿ ಇಳಿದುಹೋಗಿತ್ತು.

"ಸಾರ್, ನಿಮಗೆ ದುಡ್ಡಿನ ತೊಂದರೆ ಇದೆ ಅಂತ ಫೈಲಲ್ಲಿ ಬರೀತೀನಿ" ಅಂದ. "ಒಂದು ಮಾತು, ಊರಿಂದ ಅಕ್ಕಿ ಏನಾದ್ರೂ ಕಳಿಸ್ಲಾ?"

೭. ಐದು ನಿಮಿಷದ ಮೌನ

ಕೊನೆಯ ಅರ್ಜಿ ಎರಡು ತಿಂಗಳ ಹಿಂದಿನದು. ಇನ್ನು ಆರು ತಿಂಗಳು ಕಂತು ಮುಂದೆ ಹೋದರೆ ನನ್ನ ಓದು ಮುಗಿಯುತ್ತದೆ, ಕೆಲಸ ಸಿಗುತ್ತದೆ, ಕಟ್ಟಲು ಶುರು ಮಾಡುತ್ತೇನೆ. ಆದರೆ ಈ ಸಲ ಫೈಲು ದೊಡ್ಡ ಮ್ಯಾನೇಜರ್ ಕೈಗೆ ಹೋಗಿತ್ತು. ನಲವತ್ತೊಂದರ ಗಂಡಸು ಸಿಂಗಪುರದಲ್ಲಿ ನರ್ಸಿಂಗ್ ಓದುತ್ತೇನೆ ಅನ್ನುವುದನ್ನು ಅವರು ನಂಬಲಿಲ್ಲ. ವಿಡಿಯೋ ಕಾಲಿನಲ್ಲಿ ಪರೀಕ್ಷಿಸುತ್ತೇವೆ, ಸಮಾಧಾನವಾಗದಿದ್ದರೆ ಮುಂದಿನ ತಿಂಗಳಿಂದಲೇ ವಸೂಲಿ, ಮೊದಲು ಜಾಮೀನುದಾರರ ಪಿಂಚಣಿಯಿಂದ ಅಂತ ಪತ್ರ ಬಂತು. ವಿಡಿಯೋ ಕಾಲ್ ಇದ್ದ ದಿನ ಬೆಳಿಗ್ಗೆ ಹೆಂಡತಿ ತಿಂಡಿ ಡಬ್ಬಿ ಕೊಡುತ್ತಾ, "ಸಿಟ್ಟಿಗೇಳಬ್ಯಾಡ್ರಿ. ಮಾವಾರ ಮುಖ ನೆನಸ್ಕೊಂಡು ಮಾತಾಡ್ರಿ" ಅಂದಳು.

ಊಟದ ವಿರಾಮದಲ್ಲಿ, ಟೀಚರ್ ಅನುಮತಿ ಪಡೆದು, ನಮ್ಮ ಪ್ರಾಕ್ಟಿಕಲ್ ರೂಮಿನಲ್ಲಿ ಯೂನಿಫಾರ್ಮಿನಲ್ಲೇ ಕೂತೆ. ಪರದೆಯ ಮೇಲೆ ದಪ್ಪ ಮೀಸೆಯ ಮ್ಯಾನೇಜರ್ ಬಂದರು. ನನ್ನ ನಮಸ್ಕಾರ ಮುಗಿಯುವುದರೊಳಗೆ ನನ್ನ ಹಿಂದಕ್ಕೆ ಬೊಟ್ಟು ಮಾಡಿದರು.

"ನಿಮ್ಮ ಹಿಂದೆ ಮಲಗಿರೋದು ಯಾರು?"

"ಗೊಂಬೆ ಸಾರ್. ನಾವು ಅಭ್ಯಾಸ ಮಾಡೋದು ಅದರ ಮೇಲೆ."

"ಇಂಥ ಸೆಟಪ್ ಎಲ್ಲಾ ನಾನು ಬಹಳ ನೋಡಿದೀನಿ" ಅಂದರು. ಮಾತು ಏರುತ್ತಾ ಹೋಯಿತು. ವಿದೇಶಕ್ಕೆ ಹೋಗಿ ಕೂತವರ ಬಗ್ಗೆ, ಸಾಲ ತೀರಿಸದವರ ಬಗ್ಗೆ. ನನ್ನ ಕಾರ್ಡು ತೋರಿಸಿದೆ, ಹಾಜರಿ ತೋರಿಸಿದೆ, ಯಾವುದನ್ನೂ ನೋಡಲಿಲ್ಲ. ಅವರ ಮುಖ ಕೆಂಪಗಾಯಿತು, ಹಣೆ ಒರೆಸಿಕೊಂಡರು. ಅವರ ಮೇಜಿನ ಮೇಲೆ ಬಿಪಿ ಮಷಿನ್ ಕಾಣಿಸಿತು.

"ಸಾರ್, ತಲೆ ಭಾರ ಆಗ್ತಾ ಇದೆಯಾ?"

"ದಿನಾ ಇರೋದೇ. ಈಗ ತಾನೇ ನೋಡಿದೆ, ನೂರ ಅರವತ್ತೆರಡು."

"ಹೇಗೆ ನೋಡಿದ್ರಿ?"

"ಫೋನಲ್ಲಿ ಮಾತಾಡ್ತಾ ನೋಡ್ದೆ. ಯಾಕೆ?"

ನನ್ನೊಳಗಿನ ವಿದ್ಯಾರ್ಥಿ ಎದ್ದು ಕೂತ. ಸಾಲ ಮರೆತೇ ಹೋಯಿತು. "ಹಾಗೆ ನೋಡಿದ್ರೆ ಲೆಕ್ಕಕ್ಕಿಲ್ಲ ಸಾರ್. ಬೆನ್ನು ಕುರ್ಚಿಗೆ ಒರಗಿಸಿ. ಕಾಲ ಮೇಲಿನ ಕಾಲು ತೆಗೀರಿ, ಪಾದ ನೆಲಕ್ಕೆ. ಕೈ ಮೇಜಿನ ಮೇಲೆ, ಎದೆ ಮಟ್ಟಕ್ಕೆ. ಶರ್ಟ್ ತೋಳಿನ ಮೇಲೆ ಪಟ್ಟಿ ಕಟ್ಟಬೇಡಿ, ತೋಳು ಮೇಲಕ್ಕೆ ಸರಿಸಿ. ಈಗ ಐದು ನಿಮಿಷ ಒಂದು ಮಾತೂ ಆಡಬೇಡಿ."

"ಆದ್ರೆ ನಿಮ್ಮ ಬಾಕಿ..."

"ಮಾತಾಡಬೇಡಿ ಸಾರ್."

ಸುಮ್ಮನಾದರು. ಆ ಕಂಪನಿ ನನ್ನನ್ನು ಕೊಂಡ ಮೇಲೆ ಅಲ್ಲಿಯವರೊಬ್ಬರು ಐದು ನಿಮಿಷ ಬಾಯಿ ಮುಚ್ಚಿ ಕೂತದ್ದು ಅದೇ ಮೊದಲು. ನಾನು ಗಡಿಯಾರ ನೋಡುತ್ತಾ ಆ ಸುಖ ಅನುಭವಿಸಿದೆ. ಮಷಿನ್ ಕೂಗಿತು. ನೂರ ನಲವತ್ತೆರಡು.

"ಇಷ್ಟು ಕಮ್ಮಿ ನಾನು ನೋಡೇ ಇರ್ಲಿಲ್ಲ" ಅಂದರು. ದನಿಯೇ ಬೇರೆಯಾಗಿತ್ತು.

"ಇದೂ ಜಾಸ್ತೀನೇ ಸಾರ್. ಈ ವಾರವೇ ಡಾಕ್ಟರಿಗೆ ತೋರಿಸಿ. ಉಪ್ಪಿನಕಾಯಿ ಕಮ್ಮಿ ಮಾಡಿ, ದಿನಾ ಅರ್ಧ ಗಂಟೆ ನಡೀರಿ."

ಅವರು ಅದನ್ನೆಲ್ಲಾ ಬರೆದುಕೊಂಡರು. "ನೀವು ನಿಜವಾಗ್ಲೂ ಓದ್ತಾ ಇದೀರಿ" ಅಂದು, ನನ್ನೆದುರೇ ಫೈಲಿಗೆ ಸಹಿ ಹಾಕಿದರು. ಆರು ತಿಂಗಳು ಮಂಜೂರು. ಹೆಂಡತಿಗೆ ಫೋನ್ ಮಾಡಿದರೆ ಗೋದಾಮಿನಲ್ಲಿ ನಿಂತೇ ಅತ್ತುಬಿಟ್ಟಳು. ಮಾವನಿಗೂ ಹೇಳಿದೆ. ಇಷ್ಟು ಹಗುರವಾಗಿ ನಾನು ಬಹಳ ದಿನ ಉಸಿರಾಡಿರಲಿಲ್ಲ.

ಡಾಕ್ಟರಿಗೆ ತೋರಿಸಿ ಬಂದ ಮೇಲೆ ಮ್ಯಾನೇಜರು ತಾವಾಗಿಯೇ ನನಗೊಂದು ಮಾತು ಕೊಟ್ಟಿದ್ದರು. ದಿನಾ ನಡೆಯುತ್ತೇನೆ, ಪ್ರತಿ ಸೋಮವಾರ ಲೆಕ್ಕ ಕಳಿಸುತ್ತೇನೆ ಅಂತ. ಎರಡು ಸೋಮವಾರ ಕಳಿಸಿದರು. ಮೂರನೆಯದು ಬರಲಿಲ್ಲ, ನಾಲ್ಕನೆಯದೂ ಬರಲಿಲ್ಲ. ನಾನೇ ಫೋನ್ ಮಾಡಿದೆ. ಮೊದಲ ಸಲ ಎತ್ತಲಿಲ್ಲ. ಎರಡನೇ ಸಲ ಯಾರೋ ಎತ್ತಿ, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂದರು. ಬೇರೆ ನಂಬರಿನಿಂದ ಮಾಡಿದಾಗ ಸಿಕ್ಕಿಬಿದ್ದರು.

"ಸಾರ್, ಎರಡು ವಾರದ್ದು ಬಾಕಿ ಇದೆ."

"ಗೊತ್ತು ಸಾರ್, ಗೊತ್ತು. ಮನೇಲಿ ಸ್ವಲ್ಪ ಕಷ್ಟ ಇತ್ತು" ಅಂದರು. ಆಮೇಲೆ ದನಿ ತಗ್ಗಿಸಿ, "ಈ ತಿಂಗಳ ವಾಕಿಂಗ್ ಒಂದು, ಮುಂದಿನ ತಿಂಗಳಿಗೆ ಹಾಕ್ಕೊಳೋಕೆ ಆಗುತ್ತಾ?" ಅಂದರು.

"ನೋಡೋಣ ಸಾರ್" ಅಂದೆ. "ಕಾರಣ ಲಿಖಿತವಾಗಿ ಕೊಡಿ."